ಇನ್ನೂರು ಮನೆ ಸುತ್ತಿದ ಪಿಎಚ್.ಡಿ.

ಹೆಗಲಿಗೆ ಚೀಲ, ಕೈಯಲ್ಲಿ ಫೈಲು ಹಿಡಿದು ಕಂಡವರ ಮನೆ ಬಾಗಿಲಲ್ಲಿ ನಿಂತು "ನಿಮ್ಮ ಮನೆಯಲ್ಲಿ ಏನೇನಿದೆ?" ಎಂದು ಕೇಳುವ ಕೆಲಸ ಹಿಡಿದವರು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ನನ್ನ ವಿಳಾಸವಂತೂ ಅವುಗಳಿಗೆ ಬಾಯಿಪಾಠ.

ನನ್ನದು ಚಳ್ಳಕೆರೆ. ಪಿಎಚ್.ಡಿ.ಗೆ ಸೇರಿದಾಗ ಹುಮ್ಮಸ್ಸಿನಲ್ಲಿ ದೊಡ್ಡ ವಿಷಯವನ್ನೇ ಆರಿಸಿಕೊಂಡಿದ್ದೆ: ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಸಾಮಾಜಿಕ, ಆರ್ಥಿಕ ಅಸಮಾನತೆ. ಇದನ್ನು ಅವ್ವನಿಗೆ ಬಿಡಿಸಿ ಹೇಳಲು ಅರ್ಧ ದಿನ ಹಿಡಿಯಿತು. ಎಲ್ಲ ಕೇಳಿದ ಮೇಲೆ ಅವಳು, "ಅಂದ್ರೆ ಯಾರು ಇರೋರು, ಯಾರು ಇಲ್ಲದೋರು ಅಂತ ನೋಡ್ಕಂಡು ಬರದು. ಅಷ್ಟನ್ನ ಈ ಕಟ್ಟೆ ಮೇಲೆ ಕುಂತು ನಾನೇ ಹೇಳ್ತಿದ್ನಲ್ಲೇ, ಅದಕ್ಕೆ ಯುನಿವರ್ಸಿಟಿ ಯಾಕೆ ಬೇಕಿತ್ತು?" ಎಂದಳು. ಏಳು ವರ್ಷ ಕಳೆದ ಮೇಲೆ ನನಗೂ ಅದೇ ಅನುಮಾನ ಶುರುವಾಗಿತ್ತು.

ಏಳು ವರ್ಷ ಅಂದೆನಲ್ಲ, ಅದೇ ಕಷ್ಟ. ಕೊಡಬಹುದಾದ ಗಡುವನ್ನೆಲ್ಲ ವಿಶ್ವವಿದ್ಯಾಲಯ ಕೊಟ್ಟು ಮುಗಿಸಿತ್ತು. ನನ್ನ ಗೈಡು, ಅಂದರೆ ನಮ್ಮ ಮೇಷ್ಟ್ರು, ಬರುವ ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು. ಒಂದು ದಿನ ಕರೆದು ಹೇಳಿಬಿಟ್ಟರು: "ನೋಡಮ್ಮ, ಯುಗಾದಿಯೊಳಗೆ ಇನ್ನೂರು ಮನೆಯ ಪ್ರಶ್ನೆ ನಮೂನೆ ಭರ್ತಿಯಾಗಿ ನನ್ನ ಮೇಜಿನ ಮೇಲಿರಬೇಕು. ಆಮೇಲೆ ನಾನೇ ಒಂದು ಊರಿಗೆ ಬರ್ತೀನಿ. ಚೀಟಿ ಎತ್ತಿ ನಾಲ್ಕು ಮನೆಗೆ ಹೋಗಿ ಅವೇ ಪ್ರಶ್ನೆ ಕೇಳ್ತೀನಿ. ನೀನು ಬರೆದಿದ್ದಕ್ಕೂ ಅವರು ಹೇಳಿದ್ದಕ್ಕೂ ತಾಳೆಯಾದರೆ ಸಹಿ. ಆಗದಿದ್ದರೆ ನೋಂದಣಿ ರದ್ದು. ನಿನ್ನ ಏಳು ವರ್ಷಕ್ಕೆ ನನ್ನ ನಮಸ್ಕಾರ."

ಅವರ ಸಿಟ್ಟಿಗೂ ಕಾರಣವಿತ್ತು. ಹಿಂದೆ ಒಬ್ಬ ಶಿಷ್ಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುತ್ತಲೇ ನೂರು ಮನೆ ಸರ್ವೆ ಮುಗಿಸಿದ್ದನಂತೆ. ಅವನು ಕುಡಿದ ಕಾಫಿಗೆ ನಾನು ಬಿಸಿಲು ಕುಡಿಯಬೇಕಾಯಿತು.

೧. ಐದನೇ ಮೆಟ್ಟಿಲಿನಲ್ಲಿ ನೂಕುನುಗ್ಗಲು

ನಮ್ಮ ನಮೂನೆಯಲ್ಲಿ ಹತ್ತು ಮೆಟ್ಟಿಲಿನ ಏಣಿಯ ಚಿತ್ರವೊಂದಿತ್ತು. ಕಡುಬಡವರು ಒಂದನೇ ಮೆಟ್ಟಿಲು, ಭಾರೀ ಶ್ರೀಮಂತರು ಹತ್ತನೆಯದು. "ನಿಮ್ಮ ಕುಟುಂಬ ಯಾವ ಮೆಟ್ಟಿಲಲ್ಲಿದೆ?" ಎಂದು ಕೇಳಿ ಗುರುತು ಹಾಕಬೇಕು.

ಮೊದಲು ಹೋದದ್ದು ಚಳ್ಳಕೆರೆಯ ಒಬ್ಬ ಎಣ್ಣೆ ಮಿಲ್ಲಿನ ಸಾಹುಕಾರರ ಹತ್ತಿರ. ಮೂರಂತಸ್ತಿನ ಮನೆ, ಬಾಗಿಲಲ್ಲಿ ಎರಡು ಕಾರು. ಅವರು ಕನ್ನಡಕ ಏರಿಸಿ ಏಣಿಯನ್ನು ಮೇಲಿಂದ ಕೆಳಗೆ ನೋಡಿ, "ನಮ್ದು ಏನೈತಮ್ಮ, ಮಿಡ್ಲ್ ಕ್ಲಾಸು. ಐದು ಹಾಕ್ಕಳ್ಳಿ" ಎಂದರು. ಅವರ ಹಿಂದೆ ಗೋಡೆಗೆ ಹಾಕಿದ್ದ ಟೀವಿ ನಮ್ಮ ಮನೆಯ ಗೋಡೆಗಿಂತ ದೊಡ್ಡದಿತ್ತು.

ಹೊರಗೆ ಬಂದರೆ ಮಿಲ್ಲಿನ ಹಮಾಲಿಯೊಬ್ಬ ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಅವನಿಗೂ ಏಣಿ ತೋರಿಸಿದೆ.

"ನಮ್ ಸಾವ್ಕಾರ್ರು ಎಷ್ಟು ಅಂದ್ರು?" ಎಂದ.

ಒಬ್ಬರ ಉತ್ತರ ಇನ್ನೊಬ್ಬರಿಗೆ ಹೇಳಬಾರದು. ಅದು ಸಂಶೋಧನೆಯ ಮೊದಲ ನಿಯಮ. ನಾನು ಹೇಳಿಬಿಟ್ಟೆ. "ಐದು."

ಅವನು ನಿಜವಾಗಿಯೂ ಯೋಚನೆಗೆ ಬಿದ್ದ. ತಲೆಯ ಮೇಲಿನ ಟವೆಲ್ಲು ತೆಗೆದು ಕೊಡವಿದ. "ಹಂಗಾದ್ರೆ ನಂದು ಆರು ಬರ್ಕಳ್ಳಿ ಮೇಡಂ. ಅವ್ರಿಗೆ ಬಿಪಿ ಐತೆ, ಶುಗರ್ ಐತೆ, ಅರ್ಧ ಮುದ್ದೆ ಮ್ಯಾಲೆ ಉಣ್ಣಂಗಿಲ್ಲ. ನಾನು ಮೂರು ಉಣ್ತೀನಿ."

ಆ ವಾರವಿಡೀ ಕೇಳಿದ್ದು ಇದೇ ಉತ್ತರ. ಮೇಲಿನವರು ಕೆಳಗಿಳಿದು, ಕೆಳಗಿನವರು ಮೇಲೆ ಹತ್ತಿ, ಐದನೇ ಮೆಟ್ಟಿಲಿನ ಮೇಲೆ ಎರಡು ತಾಲ್ಲೂಕಿನ ಜನ ನಿಂತಿದ್ದರು. ಮೇಷ್ಟ್ರಿಗೆ ಫೋನು ಮಾಡಿ ಹೇಳಿದೆ. "ಏಣಿ ಮುರಿಯದ ಹಾಗೆ ನೋಡಿಕೋ" ಎಂದು ಇಟ್ಟುಬಿಟ್ಟರು.

೨. ಬಳ್ಳಾರಿಯ ನೆಂಟ

ಫೈಲು ಹಿಡಿದವಳು ಊರೊಳಗೆ ಕಾಲಿಟ್ಟಳು ಅಂದರೆ ಸಾಕು, ರೇಷನ್ ಕಾರ್ಡು ಕಿತ್ತುಕೊಳ್ಳಲು ಬಂದಳು ಎಂಬ ಸುದ್ದಿ ನನಗಿಂತ ಮುಂಚೆ ಕೊನೆಯ ಮನೆ ತಲುಪಿರುತ್ತಿತ್ತು. ನಾನು "ಇದು ಸರ್ಕಾರದ್ದಲ್ಲ, ಓದಿಗೆ" ಎಂದು ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಗುತ್ತಿತ್ತು.

ಅಂಥ ಒಂದು ಓಣಿಯ ಮೊದಲ ಮನೆಯಲ್ಲಿ ಫ್ರಿಜ್ಜು ಕಂಡಿತು. ಕೇಳಿದೆ. ಮನೆಯಾಕೆ ಅದನ್ನು ಆಗಷ್ಟೇ ನೋಡಿದವಳ ಹಾಗೆ ತಿರುಗಿ ನೋಡಿ, "ಅದು ನಮ್ದಲ್ರಿ. ಬಳ್ಳಾರ್ಯಾಗೆ ನಮ್ಮ ನೆಂಟ್ರು ಒಬ್ರು ಅದಾರೆ, ಅವ್ರದು. ಇಟ್ಟು ಹೋಗ್ಯಾರೆ" ಎಂದಳು. ಎರಡನೇ ಮನೆಯ ಬೈಕೂ ಬಳ್ಳಾರಿಯ ನೆಂಟನದು. ಮೂರನೇ ಮನೆಯ ಮಿಕ್ಸಿ, ಕಪಾಟು, ಅಷ್ಟೇ ಏಕೆ, ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯೂ ಅವನದೇ. ಅಂತೂ ಆ ಓಣಿಯಲ್ಲಿ ಯಾರಿಗೂ ಏನೂ ಇರಲಿಲ್ಲ. ಇದ್ದದ್ದೆಲ್ಲ ಬಳ್ಳಾರಿಯ ಆ ಪುಣ್ಯಾತ್ಮನಿಗೆ ಸೇರಿತ್ತು.

ನಾಲ್ಕನೇ ಮನೆಯ ನಡುಮನೆಯಲ್ಲಿ ಮೇಜಿನ ಮೇಲೆ ಏನೋ ಚೌಕಾಕಾರದ್ದು ಇತ್ತು. ಅದರ ಮೇಲೆ ಹೂವಿನ ದುಪ್ಪಟಿ ಹೊದಿಸಿತ್ತು. ಸೊಸೆ ಅದಕ್ಕೆ ಬೆನ್ನು ಒತ್ತಿಕೊಂಡು ನಿಂತು ಉತ್ತರ ಕೊಡುತ್ತಿದ್ದಳು.

"ಟೀವಿ ಇದೆಯೇನಮ್ಮ?"

"ಇಲ್ರಿ ಅಕ್ಕ. ನಮ್ಗೆಲ್ಲಿಂದ ಬರಬೇಕು ಟೀವಿ? ನಾವು ನೋಡದೂ ಇಲ್ಲ."

ನಾನು "ಇಲ್ಲ" ಎಂಬ ಕಡೆ ಗುರುತು ಹಾಕುತ್ತಿದ್ದೆ. ಒಳಮನೆಯಿಂದ ಅತ್ತೆಯ ದನಿ ಬಂತು: "ಲೇ, ಆ ಕಾರ್ಡಿನಮ್ಮ ಹೋದ್ಲೇನೇ? ದುಪ್ಪಟಿ ತೆಗಿ, ಧಾರಾವಾಹಿ ಶುರುವಾತು!"

೩. ಎರಡು ಥರದ ಹೊಲ

ರಾಂಪುರದ ಹತ್ತಿರ ಒಂದು ದೊಡ್ಡ ಮನೆ. ವಿಭೂತಿ ಹಚ್ಚಿದ ಯಜಮಾನರು, ನಡುಮನೆಯಲ್ಲಿ ತೂಗುಮಂಚ. ಆಶ್ಚರ್ಯವೆಂದರೆ ಇಲ್ಲಿ ಯಾರೂ ನನ್ನನ್ನು ಕಂಡು ಬಾಗಿಲು ಹಾಕಲಿಲ್ಲ. "ಬರ್ರಿ ಬರ್ರಿ, ಕುಂದ್ರಿ" ಎಂದು ಚಾಪೆ ಬಿಟ್ಟು ಕುರ್ಚಿಯನ್ನೇ ಹಾಕಿದರು. ಉಪ್ಪಿಟ್ಟು ಬಂತು. ಬಾಳೆಹಣ್ಣು ಬಂತು. ಸಂಶೋಧನೆಯ ಬೆಲೆ ತಿಳಿದ ಒಂದು ಮನೆಯಾದರೂ ಸಿಕ್ಕಿತಲ್ಲ ಎಂದು ಹಿಗ್ಗಿ ಫೈಲು ಬಿಚ್ಚಿದೆ.

"ಜಮೀನು ಎಷ್ಟು?" ಎಂದೆ.

"ಇಪ್ಪತ್ತೆರಡು ಎಕರೆ" ಎಂದರು ಮನೆಯೊಡತಿ, ಗಂಡ ಬಾಯಿ ತೆರೆಯುವ ಮುಂಚೆಯೇ. "ಮೂರು ಬೋರು. ಮೂರರಾಗೂ ನೀರೈತೆ."

ಎಂಥ ಕುಟುಂಬ! ಕೇಳದಿದ್ದದ್ದನ್ನೂ ಹೇಳಿದರು. ಮಗ ಡಿಗ್ರಿ ಓದಿದ್ದು, ಬೀಡಿ ಸಿಗರೇಟು ಮುಟ್ಟದ್ದು, ದಿನಾ ಪೂಜೆ ಮಾಡುವುದು. ಆ ಮಗನೂ ಇಸ್ತ್ರಿಯ ಗೀರು ಎದ್ದು ಕಾಣುವ ಶರಟು ತೊಟ್ಟು ಎರಡು ಸಲ ನಡುಮನೆ ದಾಟಿ ಹೋದ. ನಾನು ಎಲ್ಲವನ್ನೂ ಬರೆದುಕೊಂಡು ಫೈಲು ಮುಚ್ಚಿದೆ.

ಒಡತಿ ಸೆರಗು ಸರಿಮಾಡಿಕೊಂಡು ಹತ್ತಿರ ಸರಿದರು. "ನಮ್ದೆಲ್ಲಾ ಬರ್ಕಂಡ್ರಿ. ಇನ್ನ ಹುಡುಗಿ ಫೋಟೋ ತೋರಿಸ್ರಿ."

ಎಕರೆ, ಬೋರು, ಓದು, ಮನೆಯಲ್ಲಿ ಎಷ್ಟು ಜನ ಎಂದು ಬರೆದುಕೊಳ್ಳುವವರು ಅವರ ಕಡೆ ಇಬ್ಬರೇ: ಒಂದು ಸರ್ಕಾರ, ಇನ್ನೊಂದು ಹೆಣ್ಣಿನ ಕಡೆಯ ದಲ್ಲಾಳಿ. ಸರ್ಕಾರದವರು ಹೀಗೆ ಚೂಡಿದಾರ ಹಾಕಿಕೊಂಡು ನಗುನಗುತ್ತಾ ಬರುವುದಿಲ್ಲವಾದ್ದರಿಂದ ನಾನು ಎರಡನೆಯವಳೇ ಎಂದು ಅವರು ತೀರ್ಮಾನಿಸಿದ್ದರು. ಇದು ಅಸಮಾನತೆಯ ಅಧ್ಯಯನ, ಹುಡುಗಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಾಳೆಹಣ್ಣು ನುಂಗುತ್ತಾ ಹೇಳಿದೆ.

ಬಾಳೆಹಣ್ಣಿನ ತಟ್ಟೆ ಒಳಗೆ ಹೋಯಿತು. ಆಮೇಲೆ ಒಡತಿ, "ಹಂಗಾದ್ರೆ ಇಪ್ಪತ್ತೆರಡು ಹೊಡೆದಾಕಿ ಎಂಟು ಅಂತ ಬರ್ಕಳ್ಳಿ" ಎಂದರು. "ಬೋರು ಒಂದೇ. ಅದೂ ಬತ್ತಿ ಹೋಗೈತೆ."

"ಯಾವುದು ನಿಜ ಅಮ್ಮಾ?"

"ಎರಡೂ ನಿಜಾನೇ. ಬೀಗರಿಗೆ ಹೇಳೋ ಹೊಲ ಬೇರೆ, ಬರ್ಕಣೋರಿಗೆ ಹೇಳೋ ಹೊಲ ಬೇರೆ."

ಉಪ್ಪಿಟ್ಟಿನ ಋಣಕ್ಕೆ ನಾನು ಮತ್ತೆ ಎರಡು ಸಲ ಆ ಮನೆಗೆ ಹೋಗಿ, ಪಹಣಿ ತರಿಸಿ ನೋಡಿ, ಹದಿನೈದು ಎಂದು ಬರೆದುಕೊಂಡೆ.

೪. ಶೇಂಗಾ ಸಂಶೋಧನೆ

ಊರಿನ ಜನರನ್ನೇ ಕೂರಿಸಿ, ಅವರ ಬಾಯಿಂದಲೇ ಊರಿನ ಸ್ಥಿತಿಗತಿ ತಿಳಿಯುವ ಒಂದು ಪದ್ಧತಿ ನಮ್ಮಲ್ಲಿದೆ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಬೇಕು. ಆಮೇಲೆ ಒಂದೊಂದು ಮನೆಯ ಮುಂದೆ ಅವರ ಸ್ಥಿತಿಗೆ ತಕ್ಕಂತೆ ಕಾಳೋ ಕಲ್ಲೋ ಇಡಿಸಬೇಕು. ಚೆನ್ನಾಗಿರುವವರ ಮುಂದೆ ಹೆಚ್ಚು, ಕಷ್ಟದಲ್ಲಿರುವವರ ಮುಂದೆ ಕಡಿಮೆ. ಪುಸ್ತಕದಲ್ಲಿ "ಸ್ಥಳೀಯವಾಗಿ ಸಿಗುವ ವಸ್ತುವನ್ನು ಬಳಸಿ" ಎಂದಿತ್ತು. ನಮ್ಮ ಕಡೆ ಸ್ಥಳೀಯವಾಗಿ ಸಿಗುವುದು ಶೇಂಗಾ. ನಾನು ಸಂತೆಯಲ್ಲಿ ಎರಡು ಸೇರು ಕೊಂಡೆ. ಬುದ್ಧಿವಂತಿಕೆ ಹೆಚ್ಚಾಗಿ, ಮಣ್ಣು ಇರಬಾರದೆಂದು ಹುರಿದದ್ದನ್ನೇ ಕೊಂಡೆ.

ಉಳ್ಳಾರ್ತಿ ಕಾವಲಿನ ಕಡೆಯ ಒಂದು ಹಳ್ಳಿ. ದೇವಸ್ಥಾನದ ಮುಂದಿನ ಬಯಲಲ್ಲಿ ಹತ್ತು ಹದಿನೈದು ಹಿರಿಯರು ಸೇರಿದರು. ನಕ್ಷೆ ಚೆನ್ನಾಗಿ ಬಂತು. ಊರ ಮುಂದಿನ ದೊಡ್ಡ ಮನೆಗೆ ಹದಿನೈದು ಶೇಂಗಾ ಇಟ್ಟರು. "ಹದಿನೈದು ಸಾಲದು, ಅವ್ನ ತಮ್ಮಂದೂ ಸೇರಿಸ್ರಲೇ" ಎಂದು ಇನ್ನೊಬ್ಬರು ಐದು ಸೇರಿಸಿದರು. ಕೊನೆಯ ಗುಡಿಸಲಿಗೆ ಒಂದು. ಹೀಗೆ ನಲವತ್ತು ಮನೆಗೂ ಶೇಂಗಾ ಬಿತ್ತು. ಬಿರುಸಾದ ಚರ್ಚೆ, ಜಗಳ, ನಗು. ಇಂಥ ಪಾಲ್ಗೊಳ್ಳುವಿಕೆಯನ್ನು ನಾನು ಪುಸ್ತಕದಲ್ಲೂ ಓದಿರಲಿಲ್ಲ. ಸಂಭ್ರಮದಿಂದ ಬ್ಯಾಗಿನಲ್ಲಿ ಫೋನು ಹುಡುಕಿದೆ, ಫೋಟೋ ತೆಗೆಯೋಣವೆಂದು. ಅದರ ಚಾರ್ಜು ಮುಗಿದಿತ್ತು. ಪಕ್ಕದ ಅಂಗಡಿಗೆ ಹೋಗಿ ಹತ್ತು ನಿಮಿಷ ಚಾರ್ಜಿಗೆ ಹಾಕಿ ಬಂದೆ.

ಬಂದು ನೋಡಿದರೆ ದೊಡ್ಡ ಮನೆಯ ಮುಂದೆ ಬರೀ ಸಿಪ್ಪೆ. ಅದರ ಪಕ್ಕದ ಮನೆಯೂ ಸಿಪ್ಪೆ. ಹಿರಿಯರ ಬಾಯಿ ಇನ್ನೂ ಆಡುತ್ತಿತ್ತು.

"ಏನ್ರಿ ಇದು? ನನ್ನ ಲೆಕ್ಕವನ್ನೇ ತಿಂದುಬಿಟ್ಟಿರಲ್ಲ!" ಸಿಟ್ಟು ನೆತ್ತಿಗೇರಿ ಕೂಗಿಬಿಟ್ಟೆ.

ಒಬ್ಬ ಅಜ್ಜ ಮೀಸೆಯ ಮೇಲಿನ ಹೊಟ್ಟು ಒರೆಸಿಕೊಂಡು ನನ್ನನ್ನು ಸಮಾಧಾನ ಮಾಡಿದರು. "ಸಿಟ್ಟಾಗಬ್ಯಾಡವ್ವ. ಸರಿಯಾಗಿ ನೋಡು. ಇರೋರ ಮನೇವು ಮಾತ್ರ ತಿಂದೀವಿ. ಬಡವರ ಮನೇದು ಒಂದು ಕಾಳೂ ಮುಟ್ಟಿಲ್ಲ."

೫. ಮೆಕ್ಯಾನಿಕ್ ಭಾಯ್ ಅವರ ವರ್ಗೀಕರಣ

ಇಷ್ಟೆಲ್ಲ ಊರು ಸುತ್ತಿದ್ದು ನನ್ನ ಹಳೇ ಸ್ಕೂಟರಿನ ಮೇಲೆ. ಅದು ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಹಿಂದಿರುವ ಮೆಕ್ಯಾನಿಕ್ ಭಾಯ್ ಒಬ್ಬರೇ ಅದರ ಮಾತು ಅರ್ಥವಾಗುತ್ತಿದ್ದವರು. ಒಂದು ದಿನ ಅವರು ಅದನ್ನು ಬಿಚ್ಚಿಟ್ಟುಕೊಂಡು ಕೂತಾಗ, ಸುಮ್ಮನೆ ಕಾಯುವುದೇಕೆಂದು ಅವರ ಮನೆಯ ನಮೂನೆಯನ್ನೇ ತುಂಬತೊಡಗಿದೆ.

ಎಲ್ಲ ಪ್ರಶ್ನೆ ಮುಗಿದ ಮೇಲೆ ಭಾಯ್ ಕೇಳಿದರು, "ಕ್ಯಾ ಮೇಡಂ, ಇದೆಲ್ಲ ಯಾಕೆ? ಯಾರು ದೊಡ್ಡೋರು, ಯಾರು ಗರೀಬ್ ಅಂತ ತಾನೇ ಬೇಕು? ಅದಕ್ಕೆ ಇಷ್ಟು ಕಾಗದ ಬೇಡ. ಗಾಡಿ ರಿಪೇರಿಗೆ ತಂದೋರು ಬಾಯಿ ಬಿಟ್ರೆ ನಾನು ಹೇಳ್ತೀನಿ."

"ಹೇಗೆ?"

"ಬಂದ ಕೂಡ್ಲೇ 'ಯಾವಾಗ ಕೊಡ್ತೀಯ?' ಅಂದ್ರೆ ಸಾಹುಕಾರ್. 'ಎಷ್ಟಾಗುತ್ತೆ?' ಅಂದ್ರೆ ಮಿಡ್ಲ್ ಕ್ಲಾಸ್. 'ಭಾಯ್, ಇವತ್ತೊಂದಿನ ಓಡೋ ಹಂಗೆ ಮಾಡಿಕೊಡು' ಅಂದ್ರೆ ಅವರು ಪಾಪ, ಗರೀಬ್."

ಏಳು ವರ್ಷದಲ್ಲಿ ಓದಿದ ಯಾವ ಸಿದ್ಧಾಂತವೂ ಇಷ್ಟು ಚೊಕ್ಕವಾಗಿರಲಿಲ್ಲ. ಖುಷಿಯಿಂದ ಬರೆದುಕೊಳ್ಳಲು ಶುರು ಮಾಡಿದೆ. ಭಾಯ್ ಸ್ಪಾನರು ತಿರುಗಿಸುತ್ತಾ ತಲೆ ಎತ್ತದೆ ಹೇಳಿದರು: "ಬೆಳಿಗ್ಗೆ ನೀವು ಬಂದಾಗ ಏನಂದ್ರಿ, ಯಾದ್ ಹೈ?"

ಯಾದ್ ಇತ್ತು. "ಭಾಯ್, ಮೊಳಕಾಲ್ಮೂರಿಗೆ ಹೋಗಿ ಬರೋಷ್ಟು ಓಡಿದರೆ ಸಾಕು" ಎಂದಿದ್ದೆ.

೬. ಒಂದು ಊರು, ಎಂಟು ದಿನದ ಪಾಠ

ಅಂತೂ ಯುಗಾದಿಗೆ ಮೂರು ದಿನ ಮುಂಚೆ ಇನ್ನೂರು ನಮೂನೆ ಮೇಷ್ಟ್ರ ಮೇಜಿಗೆ ಬಿತ್ತು. ಅವರು ಕಣ್ಣು ಮುಚ್ಚಿ ಊರಿನ ಪಟ್ಟಿಯ ಮೇಲೆ ಬೆರಳಿಟ್ಟರು. ಬೆರಳು ಬಿದ್ದದ್ದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಸಣ್ಣ ಊರಿನ ಮೇಲೆ. ಅಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು.

ನನಗೆ ಸಮಾಧಾನವೇ ಆಯಿತು. ಆ ಊರಿನಲ್ಲಿ ನನ್ನ ಮೇಲೆ ಜೀವ ಇಟ್ಟುಕೊಂಡ ಒಬ್ಬ ಹೆಂಗಸಿದ್ದರು. ಊರೆಲ್ಲ ಅವರನ್ನು ಪೆದ್ದಮ್ಮ ಎನ್ನುತ್ತಿತ್ತು, ಅಂದರೆ ದೊಡ್ಡಮ್ಮ. ಮಹಿಳಾ ಸಂಘದ ಅಧ್ಯಕ್ಷರು. ನಾನು ಮೊದಲ ಸಲ ಹೋದಾಗ, ಎಂಥ ಪ್ರಶ್ನೆಗಳಿರುತ್ತವೆ ಎಂದು ಜನಕ್ಕೆ ತೋರಿಸಲು ಒಂದು ನಮೂನೆಯನ್ನು ನಾನೇ ಕಲ್ಪಿಸಿ ತುಂಬಿ ಅವರ ಕೈಯಲ್ಲಿ ಕೊಟ್ಟಿದ್ದೆ. ಮೇಷ್ಟ್ರು ಬರುವ ಸುದ್ದಿಯನ್ನು ಅವರಿಗೇ ಫೋನು ಮಾಡಿ ತಿಳಿಸಿದೆ. "ಪೆದ್ದಮ್ಮ, ಮೂರು ತಿಂಗಳ ಹಿಂದೆ ನನಗೆ ಏನು ಹೇಳಿದ್ರೋ ಅದನ್ನೇ ಸಾರ್‌ಗೂ ಹೇಳಬೇಕು. ವ್ಯತ್ಯಾಸ ಆದರೆ ನನ್ನ ಏಳು ವರ್ಷದ ಓದು ನೀರಲ್ಲಿ ಹೋಮ."

"ನೀನು ಭಯಪಡಬ್ಯಾಡ ತಲ್ಲಿ. ನಾನಿದ್ದೀನಿ" ಎಂದರು. ಅವರು ಇದ್ದದ್ದೇ ಮುಂದಿನ ಕಥೆಗೆ ಕಾರಣ.

ಮೇಷ್ಟ್ರು ಬಂದ ದಿನ ಊರು ಗುಡಿಸಿ ಸಾರಿಸಿ ರಂಗೋಲಿ ಹಾಕಿಕೊಂಡು ನಿಂತಿತ್ತು. ಯಾರೂ ಕೆಲಸಕ್ಕೆ ಹೋಗಿರಲಿಲ್ಲ. ಮೇಷ್ಟ್ರು ಚೀಟಿ ಎತ್ತಿದರು. ಮೊದಲ ಮನೆಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು. ನಮೂನೆಯಲ್ಲಿ ಹಾಗೆಂದೇ ಬರೆದಿದ್ದೆ.

"ಮನೆಯಲ್ಲಿ ಎಷ್ಟು ಜನ ಅಮ್ಮಾ?"

"ಐದು ಜನ ಸಾರ್. ನಾನು, ನಮ್ಮೆಜಮಾನ್ರು, ಮೂರು ಮಕ್ಳು. ಎರಡು ಆಡು, ಒಂದು ಹೊಲಿಗೆ ಮಿಷಿನ್ನು, ಒಂದು ಸೈಕಲ್ಲು, ಒಂದೂವರೆ ಎಕರೆ ಖುಷ್ಕಿ."

ಮೇಷ್ಟ್ರು ಇನ್ನೂ ಒಂದೇ ಪ್ರಶ್ನೆ ಕೇಳಿದ್ದರು. ಅವರು ನನ್ನ ಕಡೆ ನೋಡಿದರು. ನಾನು ಆಕೆಯ ಕಡೆ ನೋಡಿದೆ. ಆಕೆ ನನಗೆ ಕಣ್ಣು ಹೊಡೆದಳು.

ಎರಡನೇ ಮನೆ. ಅಲ್ಲಿ ಇದ್ದದ್ದು ಎಪ್ಪತ್ತರ ಅಜ್ಜಿ, ಎಪ್ಪತ್ತೈದರ ಅಜ್ಜ. "ಐದು ಜನ ಸಾರ್" ಎಂದಳು ಅಜ್ಜಿ, ಕೈಕಟ್ಟಿ ನಿಂತು. "ಮೂರು ಮಕ್ಳು. ದೊಡ್ಡೋನು ನಾಕನೇ ಕ್ಲಾಸು. ಎರಡು ಆಡು, ಒಂದು ಹೊಲಿಗೆ ಮಿಷಿನ್ನು..." ನಡುವೆ ಮರೆತು ನಿಂತಾಗ ಅಜ್ಜ ಹಿಂದಿನಿಂದ "ಸೈಕಲ್ಲು" ಎಂದು ಉಸುರಿದ.

ನನಗೆ ಆಗ ಹೊಳೆಯಿತು. ಇದು ನಾನೇ ಕಲ್ಪಿಸಿ ಬರೆದುಕೊಟ್ಟ ಮಾದರಿ ನಮೂನೆಯ ಕುಟುಂಬ! ಆ ಐದು ಜನ, ಆ ಎರಡು ಆಡು, ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ಇವತ್ತು ಮನೆಮನೆಯಲ್ಲೂ ಇದ್ದವು.

ಮೂರನೇ ಮನೆ ಒಬ್ಬ ಕೂಲಿ ಹುಡುಗನದು. ಊರ ಗೌಡರ ಹೊಲದಲ್ಲಿ ದುಡಿಯುವವನು, ಒಂಟಿ. ಅವನೂ ಎದೆಯುಬ್ಬಿಸಿ ಒಪ್ಪಿಸಿದ. "ನಾನು, ನನ್ ಹೆಂಡ್ತಿ, ಮೂರು ಮಕ್ಳು."

"ಹೆಂಡತಿಯನ್ನು ಕರಿ, ನೋಡೋಣ" ಎಂದರು ಮೇಷ್ಟ್ರು.

ಹುಡುಗ ಕೆಂಪಾದ. "ಹೆಣ್ಣು ಇನ್ನೂ ನೋಡ್ತಾ ಅದಾರೆ ಸಾರ್."

ನಾಲ್ಕನೇ ಚೀಟಿ ಆ ಗೌಡರದೇ. ಮಹಡಿ ಮನೆ. ಗೌಡರು ಹೊಚ್ಚಹೊಸ ಟ್ರ್ಯಾಕ್ಟರಿಗೆ ಒರಗಿ ನಿಂತು, ಆಕಾಶ ನೋಡುತ್ತಾ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವರಂತೆ ಹೇಳಿದರು: "ಎರಡು ಆಡು, ಒಂದು ಹೊಲಿಗೆ ಮಿಷಿನ್ನು, ಒಂದು ಸೈಕಲ್ಲು."

"ಗೌಡ್ರೇ, ನೀವು ಒರಗಿಕೊಂಡಿರೋದು ಏನು?"

ಗೌಡರು ತಿರುಗಿ ನೋಡಿದರು. "ಟ್ರ್ಯಾಕ್ಟರು ಸಾರ್. ಇದು ಪಾಠದಾಗೆ ಇರಲಿಲ್ಲ."

ಮೇಷ್ಟ್ರು ಫೈಲು ಮುಚ್ಚಿದರು. "ಏನಮ್ಮ ಇದು? ಅಸಮಾನತೆ ಅಂತ ಏಳು ವರ್ಷ ತಿರುಗಿದೆ. ಈ ಊರಿನಲ್ಲಿ ಆಡೂ ಕೂಡ ಸರಿಸಮ ಇದೆಯಲ್ಲ!" ಎಂದರು. ನನಗೆ ನಗು ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿದವನ ಸಾಲಿಗೆ ನನ್ನನ್ನೂ ಸೇರಿಸಿಬಿಟ್ಟರು. ಅಷ್ಟು ಬಿಸಿಲು, ಅಷ್ಟು ಮನೆ, ಎಲ್ಲ ಮುಗಿದು ಹೋಯಿತು ಅನ್ನಿಸಿತು.

ನನ್ನ ಕಣ್ಣೀರು ಕಂಡದ್ದೇ ಪೆದ್ದಮ್ಮ ಗುಂಪು ಸೀಳಿಕೊಂಡು ಬಂದರು. "ಯಾಕೆ ಸಾರ್, ಎಲ್ಲಿ ತಪ್ಪಾಯ್ತು? ನಮ್ಮೋರು ಒಬ್ರೂ ತಪ್ಪು ಹೇಳಿಲ್ಲವಲ್ಲ? ಎಂಟು ದಿನ ಕಟ್ಟೆ ಮೇಲೆ ಕುಂದ್ರಿಸಿ ಓದಿಸೀನಿ."

"ಏನನ್ನು ಓದಿಸಿದ್ರಿ?"

ಪೆದ್ದಮ್ಮ ಸೆರಗಿನಿಂದ ನನ್ನ ಮಾದರಿ ನಮೂನೆ ತೆಗೆದರು. ಮಡಿಸಿ ಮಡಿಸಿ ಹಣ್ಣಾಗಿತ್ತು. "ನೋಡ್ರಿ ಸಾರ್. ನಮ್ ಸಂಘಕ್ಕೆ ಆಫೀಸಿನೋರು ತನಿಖೆಗೆ ಬರ್ತಾರೆ. ಇಪ್ಪತ್ತು ಜನಾನೂ ಒಂದೇ ಮಾತು ಹೇಳಿದ್ರೆ ಒಳ್ಳೆ ಗ್ರೇಡು. ಒಬ್ಬಳು ಹಂಗೆ, ಒಬ್ಬಳು ಹಿಂಗೆ ಅಂದ್ರೆ ಗ್ರೇಡು ಹೋತು. ಈ ಹುಡುಗಿ ಅಂದಿದ್ದೇನೋ ಖರೆ, ಮೊದ್ಲು ಹೇಳಿದ್ದೇ ಹೇಳ್ರಿ ಅಂತ. ಆದ್ರೆ ಮೂರು ತಿಂಗಳ ಹಿಂದೆ ಏನು ಹೇಳಿದ್ವಿ ಅಂತ ಯಾರಿಗೆ ಗ್ಯಾನ? ನಮ್ ಹತ್ರ ಬರೆದಿಟ್ಟಿದ್ದು ಇದೊಂದೇ ಕಾಗದ. ಈ ಹುಡುಗಿ ನಮ್ಮೂರಿಗೆ ಬಿಸಿಲಾಗೆ ಬಂದು ಬಂದು ಕರ್ರಗಾಗೈತೆ. ನಮ್ಮಿಂದ ಇವಳು ಫೇಲಾದ್ಲು ಅಂತ ಆಗಬಾರ್ದು ಅಂತ, ಓದು ಬರದೋರಿಗೂ ಬಾಯಿಪಾಠ ಮಾಡಿಸಿದೆ."

ಮೇಷ್ಟ್ರು ಆ ಕಾಗದ ಇಸಿದುಕೊಂಡು ಮೊದಲಿಂದ ಕೊನೆಯವರೆಗೆ ಓದಿದರು. ಅವರ ಭುಜ ಅಲುಗಾಡತೊಡಗಿತು. ಏಳು ವರ್ಷದಲ್ಲಿ ಮೊದಲ ಸಲ ನಮ್ಮ ಮೇಷ್ಟ್ರು ನಗುವುದನ್ನು ನೋಡಿದೆ. ಕನ್ನಡಕ ತೆಗೆದು ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು.

"ಈಗ ಪಾಠ ಮರೆತುಬಿಡಿ. ನಿಮ್ಮ ನಿಮ್ಮ ಮನೆಯಲ್ಲಿ ನಿಜವಾಗಿ ಏನಿದೆಯೋ ಅದನ್ನು ಹೇಳಿ. ಅದರಿಂದಲೇ ಈಕೆ ಪಾಸಾಗೋದು."

ಮೊದಲ ಮನೆಯವಳು ಒಂದು ಮಗುವನ್ನೂ ಎರಡು ಆಡನ್ನೂ ವಾಪಸು ಕೊಟ್ಟಳು. ಅಜ್ಜ ಅಜ್ಜಿ ಇಬ್ಬರೇ ಉಳಿದರು. ಕೂಲಿ ಹುಡುಗ ಸಂಸಾರ ಬಿಟ್ಟು ಮತ್ತೆ ಒಂಟಿಯಾದ. ಗೌಡರು ಹೆಂಡತಿಯ ಮುಖ ನೋಡಿ, ಕೆಮ್ಮಿ, ಟ್ರ್ಯಾಕ್ಟರು ಮತ್ತು ಮೂವತ್ತೆಕರೆಯನ್ನು ಒಪ್ಪಿಕೊಂಡರು. ಮೇಷ್ಟ್ರು ಒಂದೊಂದನ್ನೂ ನನ್ನ ನಮೂನೆಯ ಜೊತೆ ಹಿಡಿದು ನೋಡಿದರು. ನಾಲ್ಕೂ ತಾಳೆಯಾದವು. ಅಲ್ಲೇ, ತೊಡೆಯ ಮೇಲೆ ಫೈಲು ಇಟ್ಟುಕೊಂಡು ಸಹಿ ಹಾಕಿದರು. ನಾನು ಪೆದ್ದಮ್ಮನ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

"ಹಂಗಾದ್ರೆ ಹುಡುಗಿ ಪಾಸು" ಎಂದರು ಪೆದ್ದಮ್ಮ. "ನಾವು ಸಾರ್? ನಾವೂ ಎಂಟು ದಿನ ಓದೀವಿ."

ಮೇಷ್ಟ್ರು ಎದ್ದು ನಿಂತು ಇಡೀ ಊರಿಗೆ ಕೈಮುಗಿದರು. "ನೀವೆಲ್ಲರೂ ಪಾಸು. ಎಲ್ಲರಿಗೂ ಒಂದೇ ಮಾರ್ಕು."

ಊರು ಚಪ್ಪಾಳೆ ತಟ್ಟಿತು. ಮಹಡಿ ಮನೆಯ ಗೌಡರು ಮಾತ್ರ ತಟ್ಟಲಿಲ್ಲ. ಟವೆಲ್ಲು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡು ಮೇಷ್ಟ್ರ ಹತ್ತಿರ ಬಂದರು. ದೂರದಲ್ಲಿ ಚಪ್ಪಾಳೆ ಹೊಡೆಯುತ್ತಿದ್ದ ತಮ್ಮ ಕೂಲಿ ಹುಡುಗನ ಕಡೆ ಗಲ್ಲದಿಂದ ತೋರಿಸಿ, ಯಾರಿಗೂ ಕೇಳಿಸದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದರು:

"ಎಲ್ರಿಗೂ ಒಂದೇ ಅಂದ್ರೆ ಹೆಂಗೆ ಸಾರ್? ನಮ್ ಹೊಲದಾಗೆ ದುಡಿಯೋನು ಅವ್ನು. ನನಗೆ ಒಂದಾದ್ರೂ ಮಾರ್ಕು ಜಾಸ್ತಿ ಹಾಕ್ರಿ."